ಕೇಳದ ಸೇನಾಪತಿ

ಸೆಪ್ಟೆಂಬರ್ ೬, ೧೯೮೮. ಮಂಗಳವಾರ

ಕಂಪ್ಯೂಟರಿನ ಯುದ್ಧದಾಟದಲ್ಲಿ ನೀರಿನ ಕೆಲಸ ಮುಗಿಯಿತು. ಬತ್ತಿದ ತೊರೆಯಲ್ಲಿ ಉಳಿದಿದ್ದ ಮಡುಗಳನ್ನು ಒಂದೊಂದಾಗಿ ನಕ್ಷೆಯ ಮೇಲೆ ಕೂರಿಸಿದೆ. ಮಡುವಿಗೆ ಅಂಟಿದ ಮನೆಯಲ್ಲಿ ನಿಂತ ಪಡೆಗೆ ಪ್ರತಿ ಸುತ್ತಿಗೂ ಸ್ವಲ್ಪ ಬಲ ಮರಳುತ್ತದೆ. ದೂರ ನಿಂತದ್ದು ಸೊರಗುತ್ತ ಹೋಗುತ್ತದೆ. ಪರದೆಯ ತುಂಬ ಆರು ಮೂಲೆಯ ಮನೆಗಳು, ಜೇನುಗೂಡಿನ ಹಾಗೆ. ಅಮೆರಿಕದ ಅಂತರ್ಯುದ್ಧದ ಎರಡನೆಯ ವರ್ಷ, ೧೮೬೨ರ ಅಕ್ಟೋಬರಿನಲ್ಲಿ, ಎರಡು ಸೇನೆಗಳು ನಮ್ಮ ಈ ಪೆರಿವಿಲ್ ಊರಿನ ಹೊರಗೆ ಮುಖಾಮುಖಿಯಾದದ್ದು ಅರ್ಧ ಈ ಕೆಸರುನೀರಿಗಾಗಿ. ಈ ವರ್ಷವೂ ಮಳೆ ಕೈಕೊಟ್ಟಿದೆ. ಬಾಯಾರಿಕೆಯ ಲೆಕ್ಕ ಹಾಕಲು ನಾನು ಪುಸ್ತಕ ತೆರೆಯಬೇಕಾಗಿರಲಿಲ್ಲ, ಕಿಟಕಿ ತೆರೆದರೆ ಸಾಕಾಗಿತ್ತು.

ಸಂಜೆ ನನ್ನ ಹೆಂಡತಿ ಡೆಲ್ಫಾಳ ತಮ್ಮ ಕ್ಲೀಟಸ್ ಬಂದಿದ್ದ. ವರಾಂಡದ ಮೆಟ್ಟಿಲ ಮೇಲೆ ಕೂತು, ಟೋಪಿಯನ್ನು ಮೊಣಕಾಲಿಗೆ ಹಾಕಿಕೊಂಡು, ಮತ್ತೆ ಅದೇ ರಾಗ. ಕಲ್ಲುಗಣಿಯವರಿಗೆ ಗುಡ್ಡ ಬೇಕು. ನಮ್ಮತ್ತೆ ಸಾಯುವಾಗ ಗುಡ್ಡವನ್ನು ಅಕ್ಕ ತಮ್ಮ ಇಬ್ಬರಿಗೂ ಸಮಪಾಲು ಮಾಡಿ ಹೋದರು. ಒಬ್ಬರ ಪಾಲು ಮಾತ್ರ ಕೊಡುತ್ತೇವೆಂದರೆ ಗಣಿಯವರು ಮುಟ್ಟುವುದಿಲ್ಲ.

"ನೀವಾದ್ರೂ ಅಕ್ಕಂಗೆ ಹೇಳಿ ಭಾವ. ಆ ಗುಡ್ಡದ ಮೇಲೆ ಬೆಳೆಯೋದೇನು? ಮೇಕೆ ಕೂಡ ಮುಖ ತಿರುಗಿಸ್ಕೊಂಡು ಹೋಗುತ್ತೆ."

"ನಿಮ್ಮಮ್ಮನ ಗುಡ್ಡ, ನಿಮ್ಮಿಬ್ಬರ ಮಾತು. ನಡುವೆ ನನ್ನನ್ನ ಎಳೀಬೇಡ."

"ಎಳೆಯೋದೆಲ್ಲಿಂದ ಬಂತು. ನೀವು ಆ ಪೆಟ್ಟಿಗೆ ಮುಂದೆ ಕೂತ್ಬಿಟ್ರೆ ಎಬ್ಬಿಸೋಕೆ ಒಂದು ಜೊತೆ ಎತ್ತು ಬೇಕು."

ಒಳಗಿನಿಂದ ಡೆಲ್ಫಾ ಏನೋ ಅಂದಳು. ಕ್ಲೀಟಸ್ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ.

ಅವಳು ಮಾರುವುದಿಲ್ಲ. ಬೇಸಿಗೆಯಿಡೀ ಅದನ್ನೇ ಹೇಳಿದ್ದಾಳೆ. ಮೂವತ್ತೊಂದು ವರ್ಷದ ಹಿಂದೆ ರಸ್ತೆ ಇಲಾಖೆಯ ಅಳತೆಯ ಕೋಲು ಹಿಡಿದು ನಾನು ಆ ಗುಡ್ಡದ ನೆತ್ತಿಯ ಮೇಲೆ ನಿಂತಿದ್ದಾಗ ಕೆಳಗಿನಿಂದ ಹತ್ತಿ ಬಂದು, "ಅಳೀತಿದ್ದೀಯೋ, ಕದೀತಿದ್ದೀಯೋ?" ಎಂದು ಕೇಳಿದವಳು. ಆ ನೆತ್ತಿ ಈಗ ನಕ್ಷೆಯಲ್ಲಿ ಒಂದು ಮನೆ. ಪೂರ್ವಕ್ಕೆ ಯುದ್ಧ ನಡೆದ ಬಯಲು, ಪಶ್ಚಿಮಕ್ಕೆ ಉತ್ತರದವರ ಸೇನಾಪತಿ ತಂಗಿದ್ದ ಜಾಗ, ಅದೇ ಕಡೆಗೆ ನಮ್ಮ ಮನೆ. ಎತ್ತರವನ್ನು ಒಂದು ಮೆಟ್ಟಿಲು ಹೆಚ್ಚಾಗಿಯೇ ಕೊಟ್ಟಿದ್ದೇನೆ. ಯಾರೂ ಅಳೆದು ನೋಡುವುದಿಲ್ಲ.

ಸೆಪ್ಟೆಂಬರ್ ೧೧. ಭಾನುವಾರ

ಡೆಲ್ಫಾ ಇತ್ತೀಚೆಗೆ ಗೋಡೆಗೆ ಮಾತಾಡುವುದನ್ನು ಕಲಿತಿದ್ದಾಳೆ. ಗೋಡೆಗೆ, ಸಿಂಕಿಗೆ, ಒಲೆಗೆ. ವಾಕ್ಯದ ಕೊನೆಯನ್ನು ನುಂಗುತ್ತಾಳೆ. ವಯಸ್ಸಾದಂತೆ ಜನ ಹೀಗಾಗುತ್ತಾರೆ.

ನಾನು ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ದಕ್ಷಿಣದವರ ಎಡಪಕ್ಕವನ್ನು ಎಲ್ಲಿ ನಿಲ್ಲಿಸುವುದೆಂದು ನೋಡುತ್ತಿದ್ದೆ. ಅವಳು ನಲ್ಲಿ ಬಿಟ್ಟುಕೊಂಡು, ನನಗೆ ಬೆನ್ನು ಹಾಕಿ ಹಾಲಿನ ವಿಷಯ ತೆಗೆದಳು. ಏನೇನೋ ಸುತ್ತಿ ಬಳಸಿ ಕೊನೆಗೆ, "ನೀನೇ ಹೇಳು. ನನ್ ಹಾಲು ಏನ್ ಮಾಡ್ಲಿ?"

"ಹುಳಿ ಬಂದಿದ್ರೆ ಚೆಲ್ಲಿಬಿಡು. ಇಟ್ಕೊಂಡು ಏನ್ ಮಾಡ್ತೀಯ."

ಅವಳು ನಲ್ಲಿ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಅಷ್ಟೇನಾ?"

"ಅಷ್ಟೇ. ಅದಕ್ಕೂ ನನ್ನ ಕೇಳ್ಬೇಕಾ?"

ಕೈ ಒರೆಸಿಕೊಳ್ಳುತ್ತ ಬಹಳ ಹೊತ್ತು ನಿಂತಿದ್ದಳು. ಟವಲಿನಲ್ಲಿ ಒರೆಸುವುದಕ್ಕೆ ಕೈಯಲ್ಲಿ ತೇವವೇ ಉಳಿದಿರಲಿಲ್ಲ. ಆಮೇಲೆ ಹೊರಗೆ ಹೋದಳು. ಎಡಪಕ್ಕವನ್ನು ಬೇಲಿಯ ಹಿಂದಕ್ಕೆ ಸರಿಸಿದೆ.

ಸೆಪ್ಟೆಂಬರ್ ೧೨

ಬೆಳಿಗ್ಗೆ ನೋಡಿದರೆ ಹಾಲು ಚೆನ್ನಾಗಿಯೇ ಇತ್ತು. ಚೆಲ್ಲಿರಲಿಲ್ಲ.

ಸೆಪ್ಟೆಂಬರ್ ೧೭. ಶನಿವಾರ

ಗಾರ್ಲಂಡ್ ಲೆಕ್ಸಿಂಗ್ಟನ್ನಿನಿಂದ ಕಾರಿನಲ್ಲಿ ಬಂದ. ನಾನು ಆಟ ಕಟ್ಟುತ್ತೇನೆ, ಅವನು ಡಿಸ್ಕುಗಳನ್ನು ಡಬ್ಬಿಗೆ ಹಾಕಿ ಅಂಚೆಯಲ್ಲಿ ಮಾರುತ್ತಾನೆ. ನವೆಂಬರಿನ ಸುಗ್ಗಿಹಬ್ಬದೊಳಗೆ ಆಟ ಕೈಗೆ ಸಿಗಬೇಕು ಎಂದು ಹೇಳುವುದಕ್ಕೆ ಐವತ್ತು ಮೈಲಿ ಬಂದಿದ್ದ.

"ಸೇನಾಪತಿಗಳೇ, ಯುದ್ಧ ಎಲ್ಲೀವರೆಗೆ ಬಂತು?"

"ನೀರು ಕುಡೀತಿದ್ದಾರೆ."

"ಕುಡೀಲಿ. ಸದ್ದಿನ ನೆರಳು ಹಾಕಿದ್ರಾ?"

ಇದು ಅವನ ಹಟ. ಮಧ್ಯಾಹ್ನವಿಡೀ ಯುದ್ಧ ನಡೆಯುತ್ತಿದ್ದಾಗ ಉತ್ತರದ ಸೇನಾಪತಿ ಎರಡು ಚಿಲ್ಲರೆ ಮೈಲಿಯಾಚೆ ಊಟ ಮಾಡುತ್ತಿದ್ದನಂತೆ. ಹಿಂದಿನ ದಿನ ಕುದುರೆ ಕೆಡವಿದ್ದರಿಂದ ಮೈ ನೋವು. ಗಾಳಿಯ ದಿಕ್ಕು, ನಡುವಿನ ಗುಡ್ಡಗಳು, ಎಲ್ಲ ಸೇರಿ ಸದ್ದು ಅವನ ತಲೆಯ ಮೇಲೆ ಹಾದು ಹೋಯಿತಂತೆ. ಇನ್ನೂ ದೂರದವರಿಗೆ ಕೇಳಿಸಿದ ಗುಂಡಿನ ಸದ್ದು ಅವನಿಗೆ ಕೇಳಿಸಲಿಲ್ಲವಂತೆ. ಸಂಜೆ ನಾಲ್ಕಕ್ಕೆ ಒಬ್ಬ ಸವಾರ ಓಡಿ ಬಂದು ಹೇಳಿದಾಗಲೇ ತನ್ನ ಎಡಪಕ್ಕ ಹೋದದ್ದು ಅವನಿಗೆ ಗೊತ್ತಾದದ್ದು.

"ಅದೆಲ್ಲ ಆಮೇಲೆ ಹೊಲಿದ ನೆಪ, ಗಾರ್ಲಂಡ್. ತನ್ನ ಜನ ಸಾಯ್ತಿರೋವಾಗ ಎರಡು ಮೈಲಿಗೆ ಕೇಳಿಸಲ್ಲ ಅಂದ್ರೆ ಅದು ಕಿವಿ ಸಮಸ್ಯೆ ಅಲ್ಲ. ಆಸಕ್ತಿ ಸಮಸ್ಯೆ."

ಬಾಗಿಲಲ್ಲಿ ಕಾಫಿ ತಂದು ನಿಂತಿದ್ದ ಡೆಲ್ಫಾ ನನ್ನನ್ನು ನೋಡಿದಳು. ತಟ್ಟೆಯನ್ನು ಗಾರ್ಲಂಡನ ಕೈಗೆ ಕೊಟ್ಟು ಹೋದಳು.

ಸೇನಾಪತಿಯ ಸಾಮರ್ಥ್ಯಕ್ಕೆ ಹತ್ತರಲ್ಲಿ ಒಂದು ಅಂಕ ಕೊಟ್ಟಿದ್ದೇನೆ. ಸೊನ್ನೆ ಕೊಟ್ಟರೆ ಲೆಕ್ಕ ಕೆಡುತ್ತದೆ.

"ನೆರಳು ಬೇಡ ಅಂದ್ರೆ ಬೇಡ. ಸದ್ದಾದ್ರೂ ಹಾಕಿ," ಎಂದ ಗಾರ್ಲಂಡ್ ಹೊರಡುವಾಗ. "ಫಿರಂಗಿ, ಕಹಳೆ, ಏನಾದ್ರೂ. ಈಗಿನ ಜನಕ್ಕೆ ಪೆಟ್ಟಿಗೆ ಅರಚ್ಬೇಕು."

ಸೆಪ್ಟೆಂಬರ್ ೨೦

ಫಿರಂಗಿ ಬಂತು. ತಗಡಿನ ಡಬ್ಬಿ ಒದ್ದ ಹಾಗಿದ್ದರೂ ಫಿರಂಗಿಯೇ. ಕಹಳೆ ಸುಲಭವಾಗಿ ಬರಲಿಲ್ಲ. ಮೊದಲು ಸಣ್ಣಗೆ ಕೇಳಿತು. ಸ್ಪಷ್ಟವಾಗಲೆಂದು ಸ್ವರ ಏರಿಸಿದೆ, ಇನ್ನೂ ಸಣ್ಣಗಾಯಿತು. ಮತ್ತೆ ಏರಿಸಿದೆ, ನಿಂತೇಹೋಯಿತು. ಈ ಅಗ್ಗದ ಸ್ಪೀಕರಿನ ಶಕ್ತಿಯೇ ಅಷ್ಟು. ಹಾಗೆಯೇ ಬಿಟ್ಟೆ. ಒಳ್ಳೆಯ ಯಂತ್ರ ಇದ್ದವರು ಕೇಳಿಕೊಳ್ಳಲಿ.

ಸೆಪ್ಟೆಂಬರ್ ೨೫. ಭಾನುವಾರ

ಬರ ಮಿಡತೆಗಳನ್ನೂ ಕೊಂದಿರಬೇಕು. ಸೆಪ್ಟೆಂಬರಿನ ಸಂಜೆ ಇಷ್ಟು ನಿಶ್ಶಬ್ದವಾಗಿದ್ದುದು ನೆನಪಿಲ್ಲ. ಕೆಲಸಕ್ಕೆ ಒಳ್ಳೆಯದು.

ಮೋಲಿ ಕೆಲಸದ ಕೋಣೆಗೆ ಬರುವುದನ್ನು ಬಿಟ್ಟಿದೆ. ಹನ್ನೆರಡು ವರ್ಷ ನನ್ನ ಕಾಲ ಮೇಲೆ ಗದ್ದವಿಟ್ಟು ಮಲಗಿದ ನಾಯಿ, ಈಗ ಹೊಸ್ತಿಲಿನವರೆಗೆ ಬಂದು, ಕಿವಿ ಹಿಂದಕ್ಕೆ ಮಾಡಿ, ನನ್ನ ಮುಖ ನೋಡಿ ಹೋಗುತ್ತದೆ. ಡೆಲ್ಫಾ ಕೂಡ ಹಾದುಹೋಗುವಾಗ ಕೋಣೆಯ ಬಾಗಿಲನ್ನು ಎಳೆದು ಮುಚ್ಚುತ್ತಾಳೆ. ಹೊಸ ಅಭ್ಯಾಸ. ನಾನೇನೂ ಅನ್ನಲಿಲ್ಲ.

ಅಕ್ಟೋಬರ್ ೩

ಆಟ ಪರೀಕ್ಷೆಗೆಂದು ಡಿಸ್ಕು ಪಡೆದವರಲ್ಲಿ ಇಬ್ಬರು ಗಾರ್ಲಂಡನಿಗೆ ದೂರು ಹೇಳಿದ್ದಾರಂತೆ. ಮೂರನೆಯ ಸುತ್ತಿನಿಂದ ಯಂತ್ರ ಶಿಳ್ಳೆ ಹೊಡೆಯುತ್ತದೆ, ನಿಲ್ಲುವುದೇ ಇಲ್ಲ. ಫೋನಿನಲ್ಲಿ ಅವನ ಅರ್ಧ ಮಾತು ತಂತಿಯಲ್ಲೇ ಸೋರಿಹೋಯಿತು, ಆದರೂ ಇಷ್ಟು ತಿಳಿಯಿತು. ಮೂರು ಸಲ ಆಡಿಸಿ ನೋಡಿದೆ. ಯಾವ ಶಿಳ್ಳೆಯೂ ಇಲ್ಲ. ಅವರ ಯಂತ್ರ ಕೆಟ್ಟಿದೆ ಎಂದು ಹೇಳಿಬಿಡು ಅಂದೆ.

ಅಕ್ಟೋಬರ್ ೮. ಶನಿವಾರ

ಯುದ್ಧದ ದಿನ. ಬಯಲಿನಲ್ಲಿ ಪ್ರತಿವರ್ಷದ ಅಣಕು ಯುದ್ಧದಲ್ಲಿ ಅಂಗಡಿಯವರು, ಮೇಷ್ಟ್ರುಗಳು, ವಿಮೆ ಏಜೆಂಟರು ಉಣ್ಣೆಯ ಸಮವಸ್ತ್ರ ಹಾಕಿಕೊಂಡು ಸತ್ತರು. ಒಬ್ಬ ಸತ್ತ ಮೇಲೆ ಇರುವೆಗೂಡಿನ ಮೇಲೆ ಬಿದ್ದಿದ್ದೇನೆಂದು ತಿಳಿದು ಎದ್ದು ಬೇರೆ ಕಡೆ ಹೋಗಿ ಮತ್ತೆ ಸತ್ತ. ಫಿರಂಗಿ ಹಾರಿಸಿದಾಗ ಎದೆಯೊಳಗೆ ಬಡಿದ ಹಾಗೆ ಕೇಳಿಸಿತು. ಹಿಂದೆ ಸರಿಯುತ್ತ ಸರಿಯುತ್ತ ರಸ್ತೆಯವರೆಗೂ ನಡೆದೆ, ಪ್ರತಿಯೊಂದೂ ಕೇಳಿಸಿತು. ಗಾರ್ಲಂಡನಿಗೆ ಹೇಳಬೇಕು.

ಡೆಲ್ಫಾ ಬರಲಿಲ್ಲ. ನಿನ್ನೆ ಕ್ಲೀಟಸ್ ಜೊತೆ ಡ್ಯಾನ್‌ವಿಲ್‌ಗೆ ಹೋಗಿದ್ದಳು, ಚರ್ಚಿನ ಕೋಟು ಹಾಕಿಕೊಂಡು. ವಾಪಸು ಬಂದು ಕೋಟನ್ನು ಬಿಚ್ಚದೆ ನನ್ನ ಬಾಗಿಲಲ್ಲಿ ನಿಂತು ಏನೋ ಹೇಳಿದಳು. ದಕ್ಷಿಣದವರ ಮೀಸಲು ಪಡೆ ಬರುವ ಹೊತ್ತು ಅದು. ತಲೆ ಆಡಿಸಿದೆ.

ಅಕ್ಟೋಬರ್ ೧೫. ಶನಿವಾರ

ಎತ್ತರಗಳನ್ನು ಇನ್ನೊಮ್ಮೆ ತಾಳೆ ನೋಡೋಣವೆಂದು ಗುಡ್ಡಕ್ಕೆ ಹೋದೆ.

ಗೂಟಗಳು. ಹೊಸ ಮರದವು, ತುದಿಗೆ ಕಿತ್ತಳೆ ಬಣ್ಣದ ಪಟ್ಟಿ ಕಟ್ಟಿದವು. ನನ್ನ ಜೀವಮಾನದಲ್ಲಿ ಇಂಥ ಗೂಟಗಳನ್ನು ಎಷ್ಟು ಹೊಡೆದಿದ್ದೇನೋ. ಗೂಟದ ಮೇಲಿನ ಬರಹ ಓದಲು ನನಗೆ ಯಾರ ಸಹಾಯವೂ ಬೇಡ. ಗಡಿ ಕ್ಲೀಟಸ್‌ನ ಪಾಲಿಗೆ ನಿಂತಿರಲಿಲ್ಲ. ಗುಡ್ಡದ ಪೂರ್ತಿ ಸುತ್ತಲೂ ಹೋಗಿತ್ತು, ನೆತ್ತಿಯನ್ನು ಒಳಗೆ ಹಾಕಿಕೊಂಡು.

ಮಾರಿದ್ದಾಳೆ.

ನನ್ನನ್ನು ಕೇಳಲಿಲ್ಲ.

ಅಕ್ಟೋಬರ್ ೧೯

ಊಟದ ಮೇಜಿನಲ್ಲಿ ಉಪ್ಪು ಕೊಡು ಎಂದೆ. ಕೊಟ್ಟಳು.

ಅಕ್ಟೋಬರ್ ೨೨

ಎರಡೂ ಕಡೆಯವರು ಬಾಯಾರಿ, ಎದುರುಬದುರು ದಿಬ್ಬಗಳ ಮೇಲೆ ಕೂತು, ಮೊದಲು ಇನ್ನೊಬ್ಬರು ನೀರಿಗೆ ಇಳಿಯಲಿ ಎಂದು ಕಾಯುತ್ತಾರೆ. ಯಂತ್ರ ಇದನ್ನು ಚೆನ್ನಾಗಿ ಆಡುತ್ತದೆ. ಅದಕ್ಕೆ ಬೇಸರವಾಗುವುದಿಲ್ಲ.

ಕೇಳುವುದು ನನ್ನ ಕೆಲಸವಲ್ಲ. ಮಾರಿದವಳು ಅವಳು.

ಅಕ್ಟೋಬರ್ ೨೯. ಶನಿವಾರ

ಗಾರ್ಲಂಡ್ ಹೇಳದೆ ಕೇಳದೆ ಬಂದ. ಈಗ ಏಳು ಜನ ದೂರು ಹೇಳಿದ್ದಾರಂತೆ. ಒಬ್ಬನ ಹೆಂಡತಿ ಡಿಸ್ಕನ್ನು ಕತ್ತರಿಯಿಂದ ಕತ್ತರಿಸಿದಳಂತೆ.

"ನನ್ನೆದುರಿಗೆ ಆಡ್ಸಿ ಸೇನಾಪತಿಗಳೇ. ಇವತ್ತು ಇದೊಂದು ತೀರ್ಮಾನ ಆಗಿಬಿಡ್ಲಿ."

ಆಡಿಸಿದೆ. ಒಂದನೆಯ ಸುತ್ತು, ಎರಡನೆಯದು. ಮೂರನೆಯದಕ್ಕೆ ಕಾಲಿಡುತ್ತಿದ್ದಂತೆ ಗಾರ್ಲಂಡ್ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ನಾಟಕ ಮಾಡುತ್ತಿದ್ದಾನೆಂದು ಕಾದೆ. ಕೈ ತೆಗೆಯಲಿಲ್ಲ. ಅವನ ತುಟಿ ಆಡುತ್ತಿತ್ತು.

"ಏನು?" ಎಂದೆ.

ಅವನು ಕೈಚಾಚಿ ಯಂತ್ರವನ್ನೇ ಆರಿಸಿದ. ಆಮೇಲೆ ನನ್ನನ್ನು ನೋಡಿದ. ಅವನು ಯಾವತ್ತೂ ನನ್ನನ್ನು ಹಾಗೆ ನೋಡಿರಲಿಲ್ಲ. ಹಾದಿಯಲ್ಲಿ ಬಿದ್ದ ಮುದುಕನನ್ನು ಎಬ್ಬಿಸುವ ಮುಂಚೆ ನೋಡುವ ಹಾಗೆ.

"ಓರಿನ್. ಆ ಶಿಳ್ಳೆ ನಿಮಗೆ ಕೇಳಿಸ್ತಿಲ್ವಾ?"

ಬಾಗಿಲಲ್ಲಿ ಡೆಲ್ಫಾ ನಿಂತಿದ್ದಳು. ನನ್ನ ಕಡೆಗೇ ಮುಖ ಮಾಡಿ, ನಿಧಾನವಾಗಿ, ಒಂದೊಂದು ಪದವನ್ನೂ ಮೇಜಿನ ಮೇಲೆ ಇಡುವವಳ ಹಾಗೆ ಹೇಳಿದಳು: "ಒಂದು ತಿಂಗಳ ಮೇಲಾಯ್ತು. ನಾನು ಒಳಗೆ ಬರಬಾರದು ಅಂತ ಬೇಕೂಂತ ಹಾಕ್ಕೊಂಡಿದ್ದೀಯ ಅಂದ್ಕೊಂಡಿದ್ದೆ."

ನಾನು ಏರಿಸಿ ಏರಿಸಿ ಬಿಟ್ಟಿದ್ದ ಕಹಳೆ. ನಿಲ್ಲು ಎಂಬ ಆದೇಶವನ್ನು ಅದಕ್ಕೆ ಬರೆದೇ ಇರಲಿಲ್ಲ.

ನವೆಂಬರ್ ೩. ಗುರುವಾರ

ಡ್ಯಾನ್‌ವಿಲ್‌ನ ಕಿವಿ ಪರೀಕ್ಷೆಯ ಹೆಂಗಸು ಚಿಕ್ಕ ವಯಸ್ಸಿನವಳು. ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದಳು. ಬಹಳ ಹೊತ್ತು ಒತ್ತುವ ಪ್ರಸಂಗವೇ ಬರಲಿಲ್ಲ. ಪರೀಕ್ಷೆ ಇನ್ನೂ ಶುರುವಾಗಿಲ್ಲವೆಂದು ಕಾಯುತ್ತಿದ್ದೆ.

ಆಮೇಲೆ ತನ್ನ ಬಾಯಿಗೆ ಒಂದು ರಟ್ಟು ಅಡ್ಡ ಹಿಡಿದು ಪದಗಳನ್ನು ಹೇಳಿದಳು. ನಾನು ಅದನ್ನೇ ತಿರುಗಿ ಹೇಳಬೇಕು. ಸುಮಾರು ಚೆನ್ನಾಗಿಯೇ ಹೇಳುತ್ತಿದ್ದೇನೆ ಎನ್ನಿಸಿತು. ಮುಗಿದ ಮೇಲೆ ರಟ್ಟು ಕೆಳಗಿಟ್ಟಳು.

"ಇದೊಂದು ನೋಡಿ ಸರ್. ನಾನು ಹೇಳಿದ್ದು ಕಾಲು, ಸಾಲು, ಪಾಲು, ಹಾಲು. ನೀವು ನಾಲ್ಕಕ್ಕೂ ಹಾಲು ಅಂದ್ರಿ."

"ನಾಲ್ಕಕ್ಕೂ?"

"ನಿಮ್ಮ ತಪ್ಪಲ್ಲ. ಪದದ ಹೊಟ್ಟೆ ಕೇಳುತ್ತೆ, ತಲೆ ಕೇಳಲ್ಲ. ತಲೆ ನೀವೇ ಅಂಟಿಸ್ಕೋತೀರಿ. ಎಷ್ಟೋ ವರ್ಷದಿಂದ ಇರಬೇಕು. ನಿಮ್ಮ ಹಾಗೆ ರಸ್ತೆಗೆ ಬಂಡೆ ಸಿಡಿಸೋ ಕಡೆ ಕೆಲಸ ಮಾಡಿದೋರಿಗೆಲ್ಲ ಹೀಗೆ. ಫಿರಂಗಿ ಹೊಡೆದ್ರೆ ನಿಮಗೆ ಸರಿಯಾಗಿ ಕೇಳುತ್ತೆ. ಹಕ್ಕಿ ಕೇಳಲ್ಲ, ಮಿಡತೆ ಕೇಳಲ್ಲ. ಗಂಡಸರ ದನಿ ಪರವಾಗಿಲ್ಲ. ಹೆಂಗಸರದ್ದು ಅರ್ಧ." ಪೆನ್ನು ಎತ್ತಿಕೊಂಡು, "ಮನೇಲಿ ಯಾರಿದ್ದಾರೆ?"

"ಹೆಂಡತಿ."

ಅವಳು ಏನೋ ಬರೆದುಕೊಂಡಳು.

ವಾಪಸು ಬರುವಾಗ ಕಾರಿನಲ್ಲಿ ಪದಗಳನ್ನು ಬಾಯಲ್ಲಿ ಆಡಿಸುತ್ತ ಬಂದೆ. ಕಾಲು. ಸಾಲು. ಗುಡ್ಡದ ತಿರುವಿನಲ್ಲಿ ಕಿತ್ತಳೆ ಪಟ್ಟಿಗಳು ಗಾಳಿಗೆ ಆಡುತ್ತಿದ್ದವು. ಕಾರನ್ನು ರಸ್ತೆಯ ಬದಿಗೆ ಹಾಕಬೇಕಾಯಿತು.

ನವೆಂಬರ್ ೪. ಶುಕ್ರವಾರ

ನಿನ್ನೆ ಬಾಯಿ ಬರಲಿಲ್ಲ. ಇವತ್ತು ಮಧ್ಯಾಹ್ನದ ಊಟವಾದ ಮೇಲೆ, ಅವಳು ಏಳುವ ಮೊದಲೇ ಕೇಳಿದೆ.

"ಸೆಪ್ಟೆಂಬರಲ್ಲಿ ಒಂದು ದಿನ ನೀನು ಸಿಂಕಿನ ಹತ್ರ ನಿಂತು ನನ್ನನ್ನ ಏನೋ ಕೇಳಿದೆ. ಏನು ಕೇಳಿದ್ದು?"

ಅವಳ ಮುಖ ಮುಚ್ಚಿಕೊಂಡಿತು. ತುಟಿಯ ಎಡತುದಿ ಮೊದಲು ಬಿಗಿಯುತ್ತದೆ, ಆಮೇಲೆ ಕಣ್ಣು. ಇದನ್ನು ಮೊದಲು ಗಮನಿಸಿದ್ದೆನೋ ಇಲ್ಲವೋ.

"ಈಗ ಯಾಕೆ ಅದು? ಕೇಳ್ದೆ, ನೀನು ಹೇಳ್ದೆ. ಮುಗೀತು."

"ಏನು ಕೇಳ್ದೆ ಅಂತ ಹೇಳು."

"ಕ್ಲೀಟಸ್ ಪ್ರಾಣ ತಿಂತಿದ್ದಾನೆ, ನಾನೊಬ್ಬಳೇ ಎಷ್ಟು ಅಂತ ಬೇಡ ಅನ್ಲಿ, ನೀನೇ ಹೇಳು, ನನ್ನ ಪಾಲು ಏನ್ ಮಾಡ್ಲಿ ಅಂತ ಕೇಳ್ದೆ." ಉಸಿರು ಎಳೆದುಕೊಂಡಳು. "ನೀನು ತಲೆ ಎತ್ತದೆ ಹೇಳ್ದೆ, ಹುಳಿ ಬಂದಿದ್ರೆ ಚೆಲ್ಲಿಬಿಡು ಅಂತ. ನಂಗೂ ಕ್ಲೀಟಸ್‌ಗೂ ನಡುವೆ ಹುಳಿ ಬಂದಿರೋದು ನಿಂಗೆ ಗೊತ್ತಿದೆ, ಅದಕ್ಕೇ ಹಾಗಂದೆ ಅಂದ್ಕೊಂಡೆ. ಅದಕ್ಕೂ ನನ್ನ ಕೇಳ್ಬೇಕಾ ಅಂತ ಬೇರೆ ಅಂದೆ. ಅಮ್ಮನ ಗುಡ್ಡ ಓರಿನ್. ಚೆಲ್ಲಿಬಿಡು ಅಂದ್ಯಲ್ಲ."

"ಹಾಲು," ಎಂದೆ.

"ಏನು?"

"ನನಗೆ ಕೇಳಿಸಿದ್ದು ಹಾಲು. ನೀನು ಹಾಲಿನ ಮಾತಾಡ್ತಿದ್ದೀಯ ಅಂತ ನಾನು ಚೆಲ್ಲು ಅಂದೆ."

ಅವಳು ನನ್ನನ್ನು ನೋಡಿದಳು. ಫ್ರಿಜ್ಜನ್ನು ನೋಡಿದಳು. ಮತ್ತೆ ನನ್ನನ್ನು. ಆಮೇಲೆ ಭುಜ ಅಲುಗಿತು. ಅಳುತ್ತಿದ್ದಾಳೆಂದುಕೊಂಡೆ, ನಗುತ್ತಿದ್ದಳು. ಮೇಜಿನ ಅಂಚು ಹಿಡಿದುಕೊಂಡು, ಕುರ್ಚಿ ಸಾಲದೆ ನೆಲದ ಮೇಲೆ ಕೂತು, ಕಾಲು ಚಾಚಿ ನಕ್ಕಳು. "ಹಾಲು," ಎನ್ನುತ್ತಿದ್ದಳು, "ನಲವತ್ತು ಎಕರೆ ಹಾಲು." ಮೋಲಿ ಬಂದು ಅವಳ ಮುಖ ನೆಕ್ಕಿತು. ನಾನೂ ನೆಲದ ಮೇಲೆ ಕೂತೆ. ನಗು ಎಲ್ಲಿ ಅಳುವಾಯಿತೆಂದು ನನಗೆ ಸರಿಯಾಗಿ ಕಾಣಲಿಲ್ಲ, ಅವಳು ಮುಖವನ್ನು ನಾಯಿಯ ಕತ್ತಿನಲ್ಲಿ ಇಟ್ಟುಬಿಟ್ಟಿದ್ದಳು.

"ಸಹಿ ಆಗಿದೆ," ಎಂದಳು ಮುಖ ಎತ್ತಿ. "ಬಂದ ದಿನಾನೇ ಹೇಳ್ದೆ. ಕೋಟು ಕೂಡ ಬಿಚ್ಚಿರ್ಲಿಲ್ಲ. ನೀನು ತಲೆ ಆಡಿಸ್ದೆ."

"ಹೌದು."

"ಈಗ ಒಂದು ಹೇಳು. ಆವತ್ತು ಸರಿಯಾಗಿ ಕೇಳಿಸಿದ್ದಿದ್ರೆ ಏನಂತಿದ್ದೆ?"

ಸುಳ್ಳು ಹೇಳಬಹುದಿತ್ತು. ಬೇಡ, ಮಾರಬೇಡ ಎನ್ನುತ್ತಿದ್ದೆ ಎನ್ನಬಹುದಿತ್ತು. ಅವಳು ಅದನ್ನೇ ಕಾಯುತ್ತಿದ್ದಳೋ ಏನೋ. ಆದರೆ ಆವತ್ತಿನ ನನ್ನನ್ನು ನಾನು ಬಲ್ಲೆ. ಮೇಜಿನ ಮೇಲೆ ದಕ್ಷಿಣದವರ ಎಡಪಕ್ಕ ಹರಡಿಕೊಂಡಿತ್ತು.

"ನಿನ್ನಿಷ್ಟ ಅಂತಿದ್ದೆ."

ಅವಳು ನಾಯಿಯ ಕಿವಿ ಸವರಿದಳು.

"ಹಂಗಾದ್ರೆ ಚೆಲ್ಲು ಅಂದಿದ್ದೇ ವಾಸಿ," ಎಂದಳು.

ನವೆಂಬರ್ ೧೨. ಶನಿವಾರ

ಕಿವಿಗೆ ಯಂತ್ರ ಬಂದಿದೆ, ಎರಡಕ್ಕೂ. ಹಂದಿಮರಿಯ ಮೈಬಣ್ಣದ ಹುರುಳಿಕಾಯಿ ಬೀಜದ ಹಾಗೆ ಕಿವಿಯ ಹಿಂದೆ ಕೂರುತ್ತದೆ. ಕಾಗದ ಮಡಿಸಿದರೆ ಕಾಡು ಹೊತ್ತಿಕೊಂಡ ಸದ್ದು. ನನ್ನ ಚಪ್ಪಲಿಗೆ ಇಷ್ಟು ಮಾತು ಬರುತ್ತದೆಂದು ಗೊತ್ತಿರಲಿಲ್ಲ. ಡೆಲ್ಫಾಳ ದನಿ ನಾನು ನೆನಪಿಟ್ಟುಕೊಂಡಿದ್ದಕ್ಕಿಂತ ತೆಳುವಾಗಿದೆ, ಸ್ವಲ್ಪ ಒಡಕು. ನಾನು ಇಷ್ಟು ವರ್ಷ ಕೇಳುತ್ತಿದ್ದುದು ಹಳೆಯ ದನಿಯನ್ನೇ ಇರಬೇಕು.

ಸದ್ದಿನ ನೆರಳನ್ನು ಬರೆಯುತ್ತಿದ್ದೇನೆ. ಗಾರ್ಲಂಡ್ ಕೇಳಿದ್ದಕ್ಕಿಂತ ಬಿಗಿಯಾಗಿ. ಉತ್ತರದವರ ಕಡೆ ಆಡುವವನಿಗೆ ತನ್ನ ಸುತ್ತಲಿನ ಕೆಲವೇ ಮನೆಗಳು ಕಾಣುತ್ತವೆ. ಗುಡ್ಡದಾಚೆ ಏನಾಗುತ್ತಿದ್ದರೂ ಪರದೆ ಹಸಿರಾಗಿ, ಶಾಂತವಾಗಿ ಇರುತ್ತದೆ. ಮೂಲೆಯಲ್ಲಿ ಗಡಿಯಾರ ಮಾತ್ರ ಓಡುತ್ತದೆ. ಎಷ್ಟು ಮನೆಯಾಚೆಗೆ ಕೇಳಿಸಬೇಕು ಎಂಬುದೊಂದೇ ತೊಡಕು. ಡೆಲ್ಫಾಳನ್ನು ಅಡುಗೆಮನೆಯಲ್ಲಿ, ನಡುಮನೆಯಲ್ಲಿ, ವರಾಂಡದಲ್ಲಿ ನಿಲ್ಲಿಸಿ, ಕಿವಿಯಂತ್ರ ತೆಗೆದಿಟ್ಟು, ಮಾತಾಡಿಸಿ ನೋಡಿದೆ.

"ಏನ್ ಹೇಳ್ಲಿ?" ಎಂದು ಕೂಗಿದಳು.

"ಏನಾದ್ರೂ."

ಅಡುಗೆಮನೆಯಿಂದ ಏನು ಹೇಳಿದಳೋ ಕೇಳಿಸಲಿಲ್ಲ. ಬಹಳ ಹೊತ್ತು ಹೇಳಿದಳು. ಬಂದಾಗ ಕೆನ್ನೆ ಕೆಂಪಾಗಿತ್ತು, ಮುಖ ಹಗುರಾಗಿತ್ತು. ಏನಂದೆ ಎಂದರೆ, "ಲೆಕ್ಕಕ್ಕೆ ಬೇಕಾದ್ದು ಕೇಳಿಸಿತೋ ಇಲ್ಲವೋ ಅನ್ನೋದು ತಾನೇ?" ಎಂದಳು.

ಸೇನಾಪತಿಯ ಅಂಕವನ್ನು ಒಂದರಿಂದ ಐದಕ್ಕೆ ಏರಿಸಿದೆ. ಅವಳಿಗೆ ತೋರಿಸಿದೆ. ಮೊದಲ ಸಲ ಪರದೆಯ ಮುಂದೆ ಕೂತು ಪೂರ್ತಿ ನೋಡಿದಳು, ನನ್ನ ಬಲಗಡೆ. ಎಡಗಿವಿಯೇ ಹೆಚ್ಚು ಕೆಟ್ಟದ್ದು ಎಂದು ಅವಳಿಗೆ ನಾನು ಹೇಳಿರಲಿಲ್ಲ.

"ಪಾಪ," ಎಂದಳು. ಆಮೇಲೆ, "ಆದ್ರೂ ಐದು ಜಾಸ್ತಿ ಆಯ್ತು."

"ಅವನಿಗೆ ಕೇಳಿಸ್ಲೇ ಇಲ್ವಲ್ಲ."

"ಕೇಳಿಸ್ಲಿಲ್ಲ ಸರಿ. ಕೇಳ್ಬಹುದಿತ್ತಲ್ಲ? ಒಬ್ಬನ್ನ ಕುದುರೆ ಮೇಲೆ ಕಳ್ಸಿ, ಅಲ್ಲೇನಾಗ್ತಿದೆ ನೋಡ್ಕೊಂಡು ಬಾರಪ್ಪ ಅಂತ. ಊಟದ ಮಧ್ಯೆ ಒಂದ್ಸಲ."

ಅಂಕವನ್ನು ಮೂರಕ್ಕೆ ಇಳಿಸಿದೆ. ಒಂದು ಹೊಸ ಗುಂಡಿ ಸೇರಿಸಿದೆ. ಯಾವ ಸುತ್ತಿನಲ್ಲಾದರೂ ಒತ್ತಬಹುದು. ಒಬ್ಬ ಸವಾರ ಹೋಗಿ ಸುದ್ದಿ ತರುತ್ತಾನೆ, ಬೆಲೆ ಏನೂ ಇಲ್ಲ. ಪರದೆಯ ಕೆಳಗೆ ಆ ಗುಂಡಿಗೆ ಒಂದೇ ಪದ: ಕೇಳು.

ನವೆಂಬರ್ ೨೧

ಗಾರ್ಲಂಡ್ ಬಂದು ಡಿಸ್ಕು ತೆಗೆದುಕೊಂಡು ಹೋದ. ಅವನೇ ಕೂತು ಆಡಿದ. ಏನೂ ಆಗುತ್ತಿಲ್ಲವೆಂದು ನಡುವೆ ಎದ್ದು ಡೆಲ್ಫಾಳ ಸೇಬಿನ ಕಡುಬು ತಿಂದು ಬಂದ. ಬರುವಷ್ಟರಲ್ಲಿ ಎಡಪಕ್ಕ ಇರಲಿಲ್ಲ.

"ಸೇನಾಪತಿಗಳೇ, ಇದು ಮೋಸ."

"ಗುಂಡಿ ಇತ್ತಲ್ಲ."

ಅವನು ಪರದೆಯ ಕೆಳತುದಿಯನ್ನು ನೋಡಿದ. "ಇದನ್ನ ಯಾರೂ ಒತ್ತಲ್ಲ ಓರಿನ್."

"ಗೊತ್ತು," ಎಂದೆ.

ಫೆಬ್ರವರಿ ೨೧, ೧೯೮೯. ಮಂಗಳವಾರ

ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಗುಡ್ಡದಲ್ಲಿ ಮೊದಲ ಸಿಡಿತ ಎಂದು ನಿನ್ನೆಯೇ ಕ್ಲೀಟಸ್ ಹೇಳಿ ಹೋಗಿದ್ದ. ಅವನು ಬರುವ ವಾರ ಫ್ಲಾರಿಡಾಕ್ಕೆ ಹೋಗುತ್ತಾನೆ. ವರಾಂಡದ ಮೆಟ್ಟಿಲಲ್ಲಿ ನಿಂತು, "ಕಿವೀದು ತೆಗೆದಿಡಿ ಭಾವ, ಇಲ್ದಿದ್ರೆ ತಲೆ ಹಾರಿಹೋಗುತ್ತೆ," ಎಂದ. ಡೆಲ್ಫಾ ಒಳಗಿನಿಂದ, "ನಿನ್ನ ತಲೆ ಹಾರಿ ಎಷ್ಟೋ ದಿನ ಆಯ್ತು, ಯಾರಿಗೂ ಗೊತ್ತಾಗ್ಲಿಲ್ಲ," ಎಂದಳು. ಇಬ್ಬರೂ ನಕ್ಕರು. ನಾನೂ ನಕ್ಕೆ. ಹೋಗುವಾಗ ಅಕ್ಕನನ್ನು ತಬ್ಬಿಕೊಂಡ. ಅವಳು ಕೈಯನ್ನು ಅವನ ಬೆನ್ನಿನವರೆಗೆ ತಂದು, ಇಡುವುದೋ ಬೇಡವೋ ಎಂದು ನೋಡಿ, ಇಟ್ಟಳು.

ಹೋಗಿ ನೋಡುವುದೇ ಎಂದು ಬೆಳಿಗ್ಗೆ ಕೇಳಿದೆ. "ಬೇಡ," ಎಂದಳು. "ನೋಡೋಕೆ ಮುಂದೆ ಬೇಕಾದಷ್ಟು ದಿನ ಇದೆ. ಇವತ್ತು ಇಲ್ಲೇ ಇರೋಣ."

ಅಡುಗೆಮನೆಯಲ್ಲಿ ಕೂತೆವು. ಅವಳು ಮೆಕ್ಕೆಜೋಳದ ಬ್ರೆಡ್ಡನ್ನು ಪುಡಿಮಾಡಿ ಹಾಕಿಕೊಳ್ಳಲೆಂದು ಲೋಟದಲ್ಲಿ ಹಾಲು ಬಗ್ಗಿಸಿಟ್ಟಿದ್ದಳು. ಯಂತ್ರ ಎರಡೂ ನನ್ನ ಕಿವಿಯಲ್ಲಿದ್ದವು. ಗೋಡೆಯ ಗಡಿಯಾರ ಕೇಳಿಸುತ್ತಿತ್ತು. ಅವಳ ಉಸಿರು ಕೇಳಿಸುತ್ತಿತ್ತು. ಮೋಲಿಯ ಉಗುರು ನೆಲಕ್ಕೆ ತಾಗಿದ್ದು ಕೇಳಿಸಿತು.

ಹಾಲಿನ ನಡುವೆ ಒಂದು ಬಳೆ ಎದ್ದಿತು. ಹಿಗ್ಗಿ, ಲೋಟದ ಅಂಚಿಗೆ ಬಂದು, ನಿಂತಿತು. ಅದರ ಹಿಂದೆ ಇನ್ನೊಂದು.

ಇಬ್ಬರೂ ಅದನ್ನೇ ನೋಡುತ್ತಿದ್ದೆವು.

"ಕೇಳಿಸ್ತಾ?" ಎಂದಳು.

"ಇಲ್ಲ. ನಿನಗೆ?"

"ನನಗೂ ಇಲ್ಲ."

ಸ್ವಲ್ಪ ಹೊತ್ತಿಗೆ ಗುಡ್ಡದಿಂದ ನಮಗಿಂತ ಎಷ್ಟೋ ದೂರದಲ್ಲಿರುವ ಅವಳ ಗೆಳತಿ ಫೋನ್ ಮಾಡಿದಳು: ಕಿಟಕಿಯ ಗಾಜು ಗಡಗಡ ಅಂದಿತು, ಕೋಳಿಗಳು ಗೂಡು ಬಿಟ್ಟು ಓಡಿದವು, ನಿಮ್ಮ ಗತಿ ಏನಾಯ್ತೋ ಅಂದ್ಕೊಂಡೆ. ಡೆಲ್ಫಾ ರಿಸೀವರನ್ನು ನನ್ನ ಕಡೆ ಹಿಡಿದು ನನಗೂ ಕೇಳಿಸಿದಳು.

ಗುಡ್ಡ ಇನ್ನೂ ಇದೆ. ಒಂದು ದಿನಕ್ಕೆ ಎಷ್ಟು ತಾನೇ ಹೋದೀತು. ಅದು ಇರುವಷ್ಟು ಕಾಲ ಅದರ ನೆರಳು ಇದೇ ಕಡೆ ಬೀಳುತ್ತದೆ. ನಿಜವಾಗಿಯೇ ಅವಳಿಗೆ ಕೇಳಿಸಲಿಲ್ಲವೋ, ನನಗೆ ಜೊತೆಯಾಗಲೆಂದು ಹಾಗೆಂದಳೋ, ಅದೊಂದನ್ನು ನಾನು ಕೇಳಲಿಲ್ಲ.

ಬ್ರೆಡ್ಡು ತಿನ್ನುವ ಮನಸ್ಸು ಇಬ್ಬರಿಗೂ ಇರಲಿಲ್ಲ. ಅವಳು ಎದ್ದು, ಲೋಟ ಕೈಯಲ್ಲಿ ಹಿಡಿದು, ಸಿಂಕಿನ ಹತ್ತಿರ ಹೋದಳು. ನಲ್ಲಿ ಬಿಡಲಿಲ್ಲ. ನನ್ನ ಕಡೆ ತಿರುಗಿ ನಿಂತಳು. ತುಟಿಯ ಎಡತುದಿ ಬಿಗಿಯಾಗಿತ್ತು, ಆದರೆ ಕಣ್ಣು ಬಿಗಿದಿರಲಿಲ್ಲ.

"ನೀನೇ ಹೇಳು. ಈ ಹಾಲು ಏನ್ ಮಾಡ್ಲಿ?"

ಚೆನ್ನಾಗಿಯೇ ಕೇಳಿಸಿತ್ತು. ಆದರೂ, "ಇನ್ನೊಂದ್ಸಲ ಹೇಳು," ಎಂದೆ.